ಕಾಣದ ಗಾಯವೂ ಗಾಯವೇ



ನಮ್ಮ ವಾರ್ಷಿಕ ಕ್ರೀಡಾಕೂಟದ ಕೊನೆಯಲ್ಲಿ ಯಾರೋ ಗೇಟಿನ ಹತ್ತಿರ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬಹುದು. ಸದ್ದು ಕೇಳಿದ ಕ್ಷಣವೇ ನಮ್ಮ ಗೇಟ್ ಕಾಯುವ ನಿವೃತ್ತ ಸೈನಿಕರು ಕುರ್ಚಿ ಬಿಟ್ಟು ಗೋಡೆಯ ಬುಡದಲ್ಲಿ ಮುದುರಿ ಕುಳಿತರು. ‘ಮಿಲಿಟರಿಯವರು ಪಟಾಕಿಗೆ ಹೆದರಿದರು’ ಎಂದು ಯಾರೋ ಹೇಳಿದರು. ಹಲವರು ನಕ್ಕರು. ನಿಮಗೆ ಮನಶ್ಶಾಸ್ತ್ರ ಪಾಠ ಮಾಡುವ ನಾನೂ ನಕ್ಕೆ.

ಮರುದಿನ ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಪಟಾಕಿ ಅಂತ ನನಗೆ ಗೊತ್ತಾಗೋದರೊಳಗೆ ಮೈ ಕೆಳಗೆ ಹೋಗಿರುತ್ತೆ ಸರ್’ ಎಂದರು. ಇದನ್ನು ಬರೆಯಲೇ ಎಂದು ಕೇಳಿದಾಗ, ‘ಬರೀರಿ, ಮಕ್ಕಳಿಗೆ ತಿಳಿಯಲಿ’ ಎಂದರು. ಅವರಿಗೆ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ವೈದ್ಯರು. ಆದರೆ ಅವರ ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು. ಈ ಸಂಚಿಕೆಯ ಪಾಠ ಆ ನೂರು ವರ್ಷಗಳದ್ದು.

ಶೆಲ್ ಶಾಕ್

ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಂದಕಗಳಲ್ಲಿ ಕುಳಿತು ದಿನಗಟ್ಟಲೆ ಫಿರಂಗಿ ಗುಂಡುಗಳ ಸುರಿಮಳೆಯನ್ನು ಎದುರಿಸಬೇಕಾಗಿತ್ತು. 1915ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಮೂವರು ಸೈನಿಕರ ಬಗ್ಗೆ ಬರೆದರು. ಹತ್ತಿರದಲ್ಲೇ ಗುಂಡು ಸಿಡಿದಿದ್ದರೂ ಅವರ ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಆದರೆ ದೃಷ್ಟಿ ಕುಗ್ಗಿತ್ತು, ವಾಸನೆ ಮತ್ತು ರುಚಿ ತಿಳಿಯುತ್ತಿರಲಿಲ್ಲ, ನೆನಪು ಕೆಟ್ಟಿತ್ತು. ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಬರವಣಿಗೆಗೆ ಬಂದದ್ದು ಈ ಲೇಖನದಿಂದ.

ಸ್ಫೋಟದ ಹೊಡೆತದಿಂದ ನರಗಳಿಗೆ ಪೆಟ್ಟಾಗಿದೆ ಎಂದು ಮೊದಲಿಗೆ ಹಲವು ವೈದ್ಯರು ತಿಳಿದರು. ಆದರೆ ಯಾವ ಸ್ಫೋಟದ ಸಮೀಪವೂ ಇಲ್ಲದಿದ್ದವರಲ್ಲೂ ನಡುಕ, ಮೂಕತನ, ದುಃಸ್ವಪ್ನ ಕಾಣಿಸಿಕೊಂಡವು. ಹಾಗಾದರೆ ಇದು ಮಿದುಳಿನ ಗಾಯವೋ, ಮನಸ್ಸಿನ ಗಾಯವೋ? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸೇನೆ ಮೂರನೆಯ ಪ್ರಶ್ನೆಯೊಂದನ್ನು ಕೇಳಿತು: ಇದು ಬರೀ ಹೇಡಿತನವಲ್ಲವೇ?

ಆ ಪ್ರಶ್ನೆಗೆ ಬೆಲೆ ತೆತ್ತವರಲ್ಲಿ ಹ್ಯಾರಿ ಫಾರ್ ಒಬ್ಬರು. ಈ ಬ್ರಿಟಿಷ್ ಸೈನಿಕ 1915ರಲ್ಲಿ ಶೆಲ್ ಶಾಕ್‌ಗಾಗಿ ಸುಮಾರು ಐದು ತಿಂಗಳು ಆಸ್ಪತ್ರೆಯಲ್ಲಿದ್ದರು. ಮರುವರ್ಷ ಸೋಮ್ ಕದನದ ಸಮಯದಲ್ಲಿ, ತನ್ನಿಂದ ಆ ಸದ್ದು ತಾಳಲಾಗದು ಎಂದು ಮುಂಚೂಣಿಗೆ ಹೋಗಲು ನಿರಾಕರಿಸಿದರು. ಸೇನಾ ನ್ಯಾಯಾಲಯದಲ್ಲಿ ಅವರ ಪರ ವಾದಿಸಲು ಯಾರೂ ಇರಲಿಲ್ಲ. ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. 1916ರ ಅಕ್ಟೋಬರ್ 18ರಂದು, ತಮ್ಮ 25ನೇ ವಯಸ್ಸಿನಲ್ಲಿ, ‘ಹೇಡಿತನ’ದ ಅಪರಾಧಕ್ಕಾಗಿ ತಮ್ಮದೇ ಸೇನೆಯ ಗುಂಡಿಗೆ ಅವರು ಬಲಿಯಾದರು. ಪತ್ನಿಗೆ ಮೊದಲಿಗೆ ಪಿಂಚಣಿಯೂ ಸಿಗಲಿಲ್ಲ. ಕುಟುಂಬದವರು ಪಟ್ಟುಬಿಡದೆ ಹೋರಾಡಿದರು. 2006ರಲ್ಲಿ ಬ್ರಿಟನ್ ಇಂಥ 306 ಸೈನಿಕರಿಗೆ ಮರಣೋತ್ತರ ಕ್ಷಮಾದಾನ ನೀಡಿತು. ಅಷ್ಟು ಹೊತ್ತಿಗೆ ಅವರ ಮಗಳಿಗೆ ತೊಂಬತ್ತು ದಾಟಿತ್ತು.

ಮನಸ್ಸಿನ ಗಾಯ

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಮತ್ತು ಅವರ ಜೊತೆ ನಿಂತ ಮನೋವೈದ್ಯರು ಒತ್ತಾಯಿಸಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಈ ಸ್ಥಿತಿಗೆ ಅಧಿಕೃತ ಹೆಸರು ಕೊಟ್ಟಿತು. ಅದೇ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ. ಇದು ಸೈನಿಕರಿಗಷ್ಟೇ ಅಲ್ಲ, ಅಪಘಾತ, ದೌರ್ಜನ್ಯ, ಪ್ರವಾಹಗಳಿಂದ ಪಾರಾದವರಿಗೂ ಬರಬಹುದು.

ಇದರ ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ನೆನಪಿಡಿ. ಒಂದು, ನಡೆದದ್ದು ಕನಸಿನಲ್ಲೋ ಎಚ್ಚರದಲ್ಲೋ ಮತ್ತೆ ನಡೆದಂತೆ ಕಾಡುವುದು. ಎರಡು, ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು. ಮೂರು, ತಪ್ಪಿತಸ್ಥ ಭಾವನೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ನಾಲ್ಕು, ಸದಾ ಎಚ್ಚರ, ಬೆಚ್ಚಿಬೀಳುವುದು, ಸಿಡುಕು, ನಿದ್ರೆ ಬಾರದಿರುವುದು. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಬದುಕಿಗೆ ಅಡ್ಡಿಯಾದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಬೆಚ್ಚಿಬಿದ್ದವರೆಲ್ಲ ರೋಗಿಗಳಲ್ಲ.

ಮಿದುಳಿನ ಒಳಗೆ ಏನಾಗುತ್ತದೆ? ಅಮಿಗ್ಡಾಲ ಎಂಬ ಪುಟ್ಟ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಹಿಪೊಕ್ಯಾಂಪಸ್ ‘ಇದು ನಡೆದದ್ದು ಎಲ್ಲಿ, ಯಾವಾಗ’ ಎಂದು ಗುರುತಿಡಲು ನೆರವಾಗುತ್ತದೆ. ಹಣೆಯ ಹಿಂದಿರುವ ಮುಂಭಾಗದ ಹೊರಪದರ ‘ಸುಮ್ಮನಿರು, ಇದು ಪಟಾಕಿ’ ಎಂದು ಗಂಟೆಯನ್ನು ನಿಲ್ಲಿಸುತ್ತದೆ. ಪಿಟಿಎಸ್‌ಡಿಯಲ್ಲಿ ಗಂಟೆ ಜೋರಾಗುತ್ತದೆ, ನಿಲ್ಲಿಸುವ ಕೈ ದುರ್ಬಲವಾಗುತ್ತದೆ. ಯುದ್ಧಭೂಮಿಯಲ್ಲಿ ಯೋಚಿಸಲು ನಿಂತವನು ಉಳಿಯುವುದಿಲ್ಲ. ಅಲ್ಲಿ ಜೀವ ಉಳಿಸಿದ ಅಭ್ಯಾಸವೇ ಊರಿಗೆ ಬಂದ ಮೇಲೆ ನಿದ್ರೆ ಕೆಡಿಸುತ್ತದೆ. ಇದರಲ್ಲಿ ಹೇಡಿತನದ ಮಾತೆಲ್ಲಿ ಬಂತು?

ಮಿದುಳಿನ ಗಾಯ

ಮೈಯರ್ಸ್ ಕಾಲದ ಮೊದಲ ಊಹೆ ಪೂರ್ತಿ ಸುಳ್ಳಾಗಿರಲಿಲ್ಲ. ಬಾಂಬ್ ಸಿಡಿದಾಗ ಗಾಳಿಯಲ್ಲಿ ಒತ್ತಡದ ಅಲೆ ಎದ್ದು ಕ್ಷಣಾರ್ಧದಲ್ಲಿ ದೇಹವನ್ನು ಹಾದುಹೋಗುತ್ತದೆ. ಮಿದುಳು ಬೆಣ್ಣೆಯಂತೆ ಮೃದು. ತಲೆ ಜೋರಾಗಿ ಅಲುಗಿದಾಗ ನರಕೋಶಗಳ ಉದ್ದನೆಯ ಎಳೆಗಳು ಜಗ್ಗಿ ಹಾಳಾಗಬಹುದು. ತಲೆಬುರುಡೆ ಒಡೆದಿರುವುದಿಲ್ಲ, ರಕ್ತ ಬಂದಿರುವುದಿಲ್ಲ, ಸಿ.ಟಿ. ಸ್ಕ್ಯಾನ್ ಕೂಡ ಸರಿಯಾಗಿಯೇ ಕಾಣಬಹುದು.

2016ರಲ್ಲಿ ಅಮೆರಿಕದ ಡೇನಿಯಲ್ ಪರ್ಲ್ ಮತ್ತು ಸಂಗಡಿಗರು, ಸ್ಫೋಟಕ್ಕೆ ಸಿಲುಕಿದ್ದು ನಂತರ ತೀರಿಕೊಂಡ ಎಂಟು ಸೈನಿಕರ ಮಿದುಳುಗಳ ಅಧ್ಯಯನವನ್ನು ಪ್ರಕಟಿಸಿದರು. ಬೂದು ಭಾಗ ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿ, ರಕ್ತನಾಳಗಳ ಸುತ್ತ, ಸೂಕ್ಷ್ಮದರ್ಶಕದಡಿ ವಿಶಿಷ್ಟ ಬಗೆಯ ಕಲೆಗಳು ಕಂಡವು. ನೂರು ವರ್ಷಗಳ ಹಿಂದೆ ಕಣ್ಣಿಗೆ ಬೀಳದಿದ್ದದ್ದು ಹೀಗೆ ಕಣ್ಣಿಗೆ ಬಿತ್ತು.

ಆದರೂ ‘ಕಾಣದಿದ್ದರೆ ಗಾಯವಿಲ್ಲ’ ಎಂಬ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. 2020ರ ಜನವರಿ 8ರಂದು ಇರಾಕಿನ ಅಲ್ ಅಸದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ದಾಳಿ ಮಾಡಿತು. ಯಾರೂ ಸಾಯಲಿಲ್ಲ. ಅಮೆರಿಕದವರಿಗೆ ಯಾವ ಹಾನಿಯೂ ಆಗಿಲ್ಲ ಎಂದು ಮೊದಲು ಘೋಷಿಸಲಾಯಿತು. ಮುಂದಿನ ವಾರಗಳಲ್ಲಿ ನೂರಕ್ಕೂ ಹೆಚ್ಚು ಸೈನಿಕರಲ್ಲಿ ಮಿದುಳಿನ ಗಾಯ ಪತ್ತೆಯಾಯಿತು.

ಒಂದೇ ಸ್ಫೋಟ ಎರಡೂ ಗಾಯಗಳನ್ನು ಮಾಡಬಹುದು. ನಿದ್ರಾಹೀನತೆ, ಮರೆವು, ಸಿಡುಕು ಎರಡರಲ್ಲೂ ಇರುತ್ತವೆ. ತಲೆನೋವು, ತಲೆಸುತ್ತು, ಬೆಳಕು ತಾಳಲಾಗದಿರುವುದು ಮಿದುಳಿನ ಪೆಟ್ಟಿನತ್ತ ಬೊಟ್ಟುಮಾಡುತ್ತವೆ. ದುಃಸ್ವಪ್ನ, ನೆನಪುಗಳಿಂದ ದೂರ ಓಡುವುದು ಪಿಟಿಎಸ್‌ಡಿಯತ್ತ ತೋರಿಸುತ್ತವೆ. ಮಿದುಳಿಗೆ ಪೆಟ್ಟಾದವರಲ್ಲಿ ಪಿಟಿಎಸ್‌ಡಿ ಬರುವ ಸಂಭವವೂ ಹೆಚ್ಚು. ‘ಮಿದುಳೋ, ಮನಸ್ಸೋ’ ಎಂಬ ಹಳೆಯ ಪ್ರಶ್ನೆಗೆ ಹಲವು ಸಲ ಉತ್ತರ ‘ಎರಡೂ’ ಎಂಬುದೇ.

ಪರಿಹಾರ

ಇವೆರಡಕ್ಕೂ ಚಿಕಿತ್ಸೆ ಇದೆ. ಪಿಟಿಎಸ್‌ಡಿಗೆ, ತರಬೇತಿ ಪಡೆದ ಚಿಕಿತ್ಸಕರ ಜೊತೆ ಭಯದ ನೆನಪನ್ನು ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ ಬಹಳ ಜನರಿಗೆ ಫಲ ಕೊಟ್ಟಿದೆ. ಕೆಲವರಿಗೆ ಔಷಧಿಯೂ ನೆರವಾಗುತ್ತದೆ. ಮಿದುಳಿಗೆ ಲಘು ಪೆಟ್ಟಾದವರು ಒಂದೆರಡು ದಿನ ವಿಶ್ರಾಂತಿ ಪಡೆದು ಮೆಲ್ಲಗೆ ಕೆಲಸಕ್ಕೆ ಮರಳಬೇಕು, ಅದು ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು. ಈ ಮಾತು ಬೈಕಿನಿಂದ ಬಿದ್ದವರಿಗೂ, ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ತಿಂದವರಿಗೂ ಅನ್ವಯಿಸುತ್ತದೆ. ಪೆಟ್ಟಿನ ನಂತರ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ತೊಂದರೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ.

ಹ್ಯಾರಿ ಫಾರ್‌ಗೆ ನ್ಯಾಯ ಸಿಗಲು ತೊಂಬತ್ತು ವರ್ಷ ಬೇಕಾಯಿತು. ನಮಗೆ ಅಷ್ಟು ಕಾಲ ಬೇಡ. ಮುಂದಿನ ಕ್ರೀಡಾಕೂಟದಲ್ಲಿ ಪಟಾಕಿ ಹಚ್ಚಲೇಬೇಕೆನಿಸಿದರೆ, ಮೊದಲು ಗೇಟಿನವರೆಗೆ ನಡೆದುಹೋಗಿ ಅವರಿಗೆ ಒಂದು ಮಾತು ಹೇಳಿ ಬನ್ನಿ.

ನಿಮ್ಮ ಅಭ್ಯಾಸಕ್ಕೆ

1. ಪಿಟಿಎಸ್‌ಡಿಯ ನಾಲ್ಕು ಗುಂಪಿನ ಲಕ್ಷಣಗಳನ್ನು ಬರೆಯಿರಿ.
2. ಮಿದುಳಿನ ಲಘು ಪೆಟ್ಟು ಮತ್ತು ಪಿಟಿಎಸ್‌ಡಿ ಎರಡರಲ್ಲೂ ಕಾಣುವ ಲಕ್ಷಣಗಳು ಯಾವುವು? ಬೇರೆಯಾಗಿರುವವು ಯಾವುವು?
3. ‘ಹೇಡಿ’ ಎಂಬ ಪದವನ್ನು ನೀವು ಕೊನೆಯ ಬಾರಿ ಯಾರ ಬಗ್ಗೆ ಬಳಸಿದಿರಿ? ಇದಕ್ಕೆ ಉತ್ತರ ಬರೆದು ಕೊಡಬೇಕಾಗಿಲ್ಲ. ಯೋಚಿಸಿದರೆ ಸಾಕು.