ಆಷಾಢದ ಗಾಳಿ ಮತ್ತು ಒಂದು ಸೈಕಲ್ಲು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ನಾನು ಬಸ್ಸಿನಲ್ಲಿ ಎಷ್ಟು ಸಲ ಹೋಗಿ ಬಂದಿರುವೆನೋ ಲೆಕ್ಕವಿಲ್ಲ. ಆದರೂ ಆ ಹಾದಿಯು ಮೂಡಲಿಗೆ ಸಾಗಿದಂತೆಲ್ಲ ಸದ್ದಿಲ್ಲದೆ ಇಳಿಯುತ್ತ ಹೋಗುತ್ತದೆಂಬ ಸಂಗತಿ, ಐವತ್ತಾರನೆಯ ವಯಸ್ಸಿನಲ್ಲಿ ಸೈಕಲ್ಲನ್ನೇರಿ ಅದನ್ನು ತುಳಿಯುವ ದಿನದವರೆಗೂ ನನಗೆ ತಿಳಿದಿರಲಿಲ್ಲ. ಹಾಸನವು 900 ಮೀಟರಿಗೂ ಮೀರಿದ ಎತ್ತರದಲ್ಲಿದೆ ಎಂಬುದನ್ನು ಭೂಗೋಳದ ಪುಸ್ತಕದಲ್ಲಿ ಓದಿದ್ದೆನಾದರೂ, ಓದಿದ ಎತ್ತರ ಬೇರೆ, ಮೊಣಕಾಲು ಬಲ್ಲ ಎತ್ತರ ಬೇರೆ.

1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲೇರಿ ಹೊರಟರೆಂದೂ, ಅವರಲ್ಲಿ ಮೂವರು ಲೋಕವನ್ನೇ ಸುತ್ತಿ 1928ರಲ್ಲಿ ಮರಳಿದರೆಂದೂ ಎಲ್ಲಿಯೋ ಓದಿದಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಬಯಕೆ ಕುಳಿತಿತ್ತು. ಲೋಕವನ್ನು ಸುತ್ತುವ ವಯಸ್ಸು ದಾಟಿದುದರಿಂದ, ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಹೊಳೆನರಸೀಪುರ, ಅರಕಲಗೂಡುಗಳನ್ನು ಮುಟ್ಟಿ ಗೊರೂರಿನ ಮೇಲೆ ಹಾಸನಕ್ಕೆ ಹಿಂದಿರುಗುವ, ಸುಮಾರು 150 ಕಿಲೋಮೀಟರಿನ, ಮೂರು ದಿನಗಳ ಸುತ್ತೊಂದನ್ನು ಸಂಕಲ್ಪಿಸಿದೆನು. ಈಗಿನ ಹುಡುಗರು ಇದನ್ನು ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ಹೊರಡುವ ಮುನ್ನಾದಿನ ಎದುರುಮನೆಯ ಹಿರಿಯರು, "ಆಷಾಢದ ಗಾಳೀಲಿ ಸೈಕಲ್ ಹೊಡೀತೀರಾ ಮೇಷ್ಟ್ರೇ?" ಎಂದು ಕೇಳಿದರು. ಮಳೆಗೆ ಹೆದರಬೇಕೆಂದು ತಿಳಿದಿದ್ದ ನಾನು ಗಾಳಿಗೆ ಹೆದರಬೇಕೆಂಬುದನ್ನು ಅರಿಯದೆ ನಕ್ಕುಬಿಟ್ಟೆನು.

ಮೊದಲ ದಿನ ನನ್ನ ನಗುವೇ ಸರಿಯೆಂದು ತೋರಿತು. ಹೂಬಿಟ್ಟ ಆಲೂಗಡ್ಡೆಯ ಹೊಲಗಳನ್ನು ಹಿಂದಿಕ್ಕಿ, ತೆಂಗಿನ ತೋಟಗಳು ದಟ್ಟವಾಗುತ್ತಿದ್ದ ಸೀಮೆಯನ್ನು ಹೊಕ್ಕು, 38 ಕಿಲೋಮೀಟರುಗಳನ್ನು ಮೂರು ಗಂಟೆಯೊಳಗೆ ಮುಗಿಸಿ ಚನ್ನರಾಯಪಟ್ಟಣದಲ್ಲಿ ಇಡ್ಲಿಗೆ ಕುಳಿತಾಗ, ಪಡುವಣ ಗಾಳಿಯು ಬೆನ್ನನ್ನು ತಳ್ಳಿದುದನ್ನೂ ನೆಲವು ಇಳಿದುಕೊಟ್ಟುದನ್ನೂ ಗಮನಿಸದೆ, ಸಮಸ್ತವೂ ನನ್ನ ಕಾಲಿನ ಶಕ್ತಿಯೆಂದೇ ಭಾವಿಸಿದೆನು. ಆ ಮದದಲ್ಲಿಯೇ ಸಂಜೆ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನೇರಿ, ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಮುಂದೆ ನಿಂತೆನು. ದರ್ಶನವೇನೋ ದಿವ್ಯವಾಗಿತ್ತು, ಇಳಿಯುವಾಗ ಮೊಣಕಾಲಿನ ಚಿಪ್ಪು ಬೇರೆಯದೇ ಮಾತಾಡತೊಡಗಿತು.

ಎರಡನೆಯ ದಿನ ಒಂಬತ್ತು ಗಂಟೆಗೆ, ನಿಧಾನವಾಗಿ ತಿಂಡಿ ಮುಗಿಸಿ ಹೊರಟುದು ನಾನು ಮಾಡಿದ ಮಹಾಪ್ರಮಾದ. ಆಷಾಢದ ಗಾಳಿ ಬೆಳಗಿನ ಜಾವ ಮಲಗಿದ್ದು ಬಿಸಿಲೇರಿದಂತೆ ಏಳುತ್ತದೆ. ಚನ್ನರಾಯಪಟ್ಟಣಕ್ಕೆ ಮರಳಿ, ಅಲ್ಲಿಂದ ನೈರುತ್ಯಕ್ಕೆ ತಿರುಗಿ ಹೊಳೆನರಸೀಪುರದ ಹಾದಿ ಹಿಡಿದೊಡನೆ ಅದು ಎದುರಿಗೆ ಬಂದು ನಿಂತಿತು. ಸಣ್ಣ ಇಳಿಜಾರಿನಲ್ಲಿ ಸಹ ಪೆಡಲು ತುಳಿಯದಿದ್ದರೆ ಸೈಕಲ್ಲು ನಿಲ್ಲುತ್ತಿತ್ತು. ಇದರ ಜೊತೆಗೆ ನಾನು ಕ್ಯಾರಿಯರಿನ ಮೇಲೆ ಕಟ್ಟಿದ್ದ ಗಂಟೋ ಹಾಯಿಯಂತೆ ಗಾಳಿ ಹಿಡಿಯುತ್ತಿತ್ತು. ಭಾರವೆಲ್ಲ ಹಿಂದೆ ಬಿದ್ದುದರಿಂದ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ಲು ಅತ್ತಿತ್ತ ತೂಗುತ್ತಿತ್ತು. ಅನುಭವಸ್ಥರು ಫ್ರೇಮಿನ ನಡುವಣ ತ್ರಿಕೋನದಲ್ಲಿಯೂ ಹ್ಯಾಂಡಲ್ಲಿನ ಕೆಳಗೂ ಕಿರಿದಾದ ಚೀಲಗಳನ್ನು ಬಿಗಿದು, ಭಾರದ ಸಾಮಾನನ್ನು ಆದಷ್ಟು ತಗ್ಗಿನಲ್ಲಿಡುವುದು ಚೆಂದಕ್ಕಲ್ಲವೆಂಬುದು ಆಗ ಹೊಳೆಯಿತು.

ಸಾಲದುದಕ್ಕೆ ಪಂಕ್ಚರ್. ಬದಲಿ ಟ್ಯೂಬು ನನ್ನಲ್ಲಿತ್ತು, ಹಾಕಿಯೂ ಹಾಕಿದೆನು. ಎರಡು ಮೈಲಿ ಹೋಗುವಷ್ಟರಲ್ಲಿ ಅದೂ ಕುಗ್ಗಿತು. ತಳ್ಳುತ್ತ ತಳ್ಳುತ್ತ ಒಂದು ಹಳ್ಳಿಯ ಸೈಕಲ್ ಅಂಗಡಿಯನ್ನು ಮುಟ್ಟಿದಾಗ, ಅಲ್ಲಿದ್ದ ಮುದುಕನು ಟೈರನ್ನು ಕಳಚಿ, ಜೇಬಿನಿಂದ ಒಂದು ಚೂರು ಹತ್ತಿಯನ್ನು ತೆಗೆದು ಎಳೆಯೆಳೆಯಾಗಿ ಬಿಡಿಸಿ, ಅದನ್ನು ಟೈರಿನ ಒಳಮೈಗುಂಟ ಮೆಲ್ಲಗೆ ಸವರುತ್ತ ಬಂದನು. ಒಂದೆಡೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡು ನಿಂತಿತು. ಕಣ್ಣಿಗೆ ಕಾಣದಿದ್ದ, ನನ್ನ ಬೆರಳಿಗೂ ತಾಗದಿದ್ದ ಜಾಲಿಮುಳ್ಳಿನ ತುದಿ ಅಲ್ಲಿತ್ತು. "ಟ್ಯೂಬ್ ಬದ್ಲಾಯ್ಸಿದ್ದೀರಿ ಸ್ವಾಮಿ, ಮುಳ್ಳು ಹಂಗೇ ಮಡಿಕ್ಕೊಂಡಿದ್ದೀರಿ" ಎಂದು ಅವನು ಇಕ್ಕಳದಿಂದ ಅದನ್ನು ಕಿತ್ತು ನನ್ನ ಅಂಗೈಯ ಮೇಲಿಟ್ಟನು. ಆ ಪ್ರವಾಸದಲ್ಲಿ ನಾನು ಕಲಿತ ವಿದ್ಯೆಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ಇನ್ನೊಂದಿಲ್ಲ. ಈಗ ನನ್ನ ಚೀಲದಲ್ಲಿ ಪಂಪಿನ ಜೊತೆಗೆ ಒಂದು ಹಿಡಿ ಹತ್ತಿಯೂ ಇರುತ್ತದೆ.

ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಅಕ್ಕನ ಮನೆ. ಗಂಟನ್ನು ನೋಡಿದವಳೇ, "ಏನೋ ಇದು, ಮನೆ ಬಿಟ್ಟು ಬಂದ್ಬಿಟ್ಯಾ?" ಎಂದಳು. ಭಾವನ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 16 ಕಿಲೋ. ಸೀಮೆಎಣ್ಣೆ ಒಲೆ, ಎರಡು ಪಾತ್ರೆ, ಕಂಬಳಿ, ಮೂರು ಪಂಚೆ, ಒಂದು ದಪ್ಪ ಪುಸ್ತಕ: ಹತ್ತು ಹನ್ನೆರಡು ಮೈಲಿಗೊಂದು ಹೋಟೆಲು ಸಿಗುವ ಸೀಮೆಗೆ ಹಿಮಾಲಯದ ಸನ್ನಾಹ! ಒಂಬತ್ತು ಕಿಲೋವನ್ನು ಅಲ್ಲಿಯೇ ಬಿಟ್ಟೆನು. ಅಕ್ಕ ಬಡಿಸಿದ ಎರಡು ಮುದ್ದೆ, ಉಪ್ಸಾರುಗಳಿಗೆ ಹೊಟ್ಟೆಯಲ್ಲಿ ಧಾರಾಳ ಸ್ಥಳವಿತ್ತು. ದಾರಿಯುದ್ದಕ್ಕೂ, ಹಸಿವಾದ ಮೇಲೆ ಉಂಡರಾಯಿತೆಂದು ಮುಂದೂಡುತ್ತ ಬಂದು, ಊರ ಹೊರಗೆ ಕೈನಡುಕ ಹತ್ತಿ ರಸ್ತೆಯ ಬದಿ ಕುಳಿತು ಬಾಳೆಹಣ್ಣು ತಿಂದಿದ್ದೆನೆಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಮೂರನೆಯ ದಿನ ನಸುಕಿನಲ್ಲಿಯೇ ಹೊರಟೆನು. ಹೇಮಾವತಿಗೂ ಕಾವೇರಿಗೂ ನಡುವಣ ದಿಣ್ಣೆಯ ಮೇಲೆ ಅರಕಲಗೂಡು ಇದೆಯೆಂಬುದನ್ನು ಕಾಲೇ ತಿಳಿಸಿತು. ಗಾಳಿ ಇನ್ನೂ ಎದ್ದಿರಲಿಲ್ಲವಾದುದರಿಂದ ಏರಿನೊಡನೆ ಮಾತ್ರ ಜಗಳವಾಯಿತು. ಹೊಗೆಸೊಪ್ಪಿನ ಹೊಲಗಳ ನಡುವೆ ಅರಕಲಗೂಡನ್ನು ತಲುಪಿದಾಗ, ದಕ್ಷಿಣಕ್ಕೆ ರಾಮನಾಥಪುರಕ್ಕಿಳಿದು ಕಾವೇರಿಯನ್ನು ಮುಟ್ಟಿ ಬರುವ ಆಸೆಯು ಬಲವಾಗಿ ಸೆಳೆಯಿತು. ಇಳಿದುದನ್ನೆಲ್ಲ ಮರಳಿ ಏರಬೇಕೆಂಬ ಲೆಕ್ಕ ಈಗ ಬಾಯಿಪಾಠವಾಗಿದ್ದುದರಿಂದ ಬಿಟ್ಟುಕೊಟ್ಟೆನು. ಒಂದು ದಿನ ಮೊದಲಾಗಿದ್ದರೆ ಖಂಡಿತ ಇಳಿಯುತ್ತಿದ್ದೆ.

ಗೊರೂರಿನಲ್ಲಿ, ಸಾಹಿತಿ ರಾಮಸ್ವಾಮಿ ಅಯ್ಯಂಗಾರ್ಯರ ಊರೆಂಬ ಗೌರವದಿಂದ ಒಂದು ಕಾಫಿ ಕುಡಿದು, ಅಣೆಕಟ್ಟಿನ ಕಡೆಗೊಮ್ಮೆ ನೋಡಿ ಮುಂದೆ ಸಾಗಿದೆನು. ನದಿಯ ಕಣಿವೆಯಿಂದ ಹಾಸನದ ಕಡೆಗೆ ರಸ್ತೆ ಮೇಲೇರುವಲ್ಲಿ, ಮೊದಲ ದಿನ ಪುಕ್ಕಟೆಯಾಗಿ ಪಡೆದ ಇಳಿಜಾರಿನ ಸಾಲವೆಲ್ಲ ಒಟ್ಟಿಗೆ ವಸೂಲಿಗೆ ಬಂದಿತು. ಗೇರು ಮುಗಿಯಿತು, ಕಾಲು ಮುಗಿಯಿತು, ಕೆಳಗಿಳಿದು ತಳ್ಳತೊಡಗಿದೆನು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹುಡುಗನೊಬ್ಬನು ಜೊತೆಗೇ ನಡೆಯುತ್ತ, "ಪಂಚರ್ರಾ ತಾತ?" ಎಂದು ಕೇಳಿದನು. ಮಾನ ಉಳಿಸಿಕೊಳ್ಳುವುದಕ್ಕಾಗಿ ನಾನು ಹೌದೆಂದೆನು. ಅವನು ಬಗ್ಗಿ, ಹಿಂದಿನ ಟೈರನ್ನು ಒಮ್ಮೆ, ಮುಂದಿನದನ್ನು ಒಮ್ಮೆ ಒತ್ತಿ ನೋಡಿ, ನನ್ನ ಮುಖವನ್ನೇ ನೋಡುತ್ತ ನುಡಿದನು:

"ಗಾಳಿ ಐತಲ್ಲ ತಾತ."