ಗಣಕಶಾಸ್ತ್ರದ ಆಚಾರ್ಯೆ ಅಡೆನಿಕೆ ಒಸೊಫಿಸಾನ್

ಆಫ್ರಿಕಾ ಖಂಡದ ಪಶ್ಚಿಮ ಭಾಗದಲ್ಲಿರುವ ನೈಜೀರಿಯ ಆ ಖಂಡದಲ್ಲೆಲ್ಲ ಅತ್ಯಂತ ಹೆಚ್ಚು ಜನಸಂಖ್ಯೆಯುಳ್ಳ ದೇಶ. ಅದರ ನೈಋತ್ಯ ಭಾಗವು ಯೊರೂಬ ಜನರ ನಾಡು. ಅಲ್ಲಿ ಒಷುನ್ ನದಿಯ ತೀರದಲ್ಲಿ ಒಷೊಗ್ಬೊ ಎಂಬ ಪಟ್ಟಣವಿದೆ. ಒಷುನ್ ದೇವತೆಯ ಪವಿತ್ರವನಕ್ಕೂ ನೀಲಿಯಲ್ಲಿ ಅದ್ದಿದ ಅಂದವಾದ ಬಟ್ಟೆಗಳಿಗೂ ಅದು ಹೆಸರಾಗಿದೆ. 1950ರಲ್ಲಿ ಅಡೆನಿಕೆ ಒಸೊಫಿಸಾನ್ ಜನಿಸಿದ್ದು ಈ ಪಟ್ಟಣದಲ್ಲಿ. ಆಗ ನೈಜೀರಿಯ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅಷ್ಟು ದೊಡ್ಡ ದೇಶಕ್ಕೆ ಉನ್ನತ ವ್ಯಾಸಂಗಕ್ಕಾಗಿ ಇದ್ದುದು ಇಬಾದಾನ್ ನಗರದ ಒಂದೇ ಒಂದು ವಿಶ್ವವಿದ್ಯಾ ಕಾಲೇಜು. 1948ರಲ್ಲಿ ಸ್ಥಾಪಿತವಾದ ಆ ಕಾಲೇಜು ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಗಣಕಯಂತ್ರವೆಂಬುದನ್ನು ಆ ನಾಡು ಇನ್ನೂ ಕಂಡಿರಲಿಲ್ಲ.

ಅಡೆನಿಕೆ ಶಾಲೆಗೆ ಸೇರುವ ವಯಸ್ಸಿಗೆ ಬಂದಾಗ ನಾಡಿನಲ್ಲಿ ಒಂದು ಮಹತ್ವದ ಬದಲಾವಣೆಯಾಯಿತು. 1955ರಲ್ಲಿ ಒಬಾಫೆಮಿ ಅವೊಲೊವೊ ಅವರ ನೇತೃತ್ವದ ಪಶ್ಚಿಮ ಪ್ರಾಂತ್ಯದ ಸರ್ಕಾರವು ಎಲ್ಲ ಮಕ್ಕಳಿಗೂ ಉಚಿತ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದಿತು. ಬಡವರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಗುಂಪುಗುಂಪಾಗಿ ಶಾಲೆಯ ಮೆಟ್ಟಿಲೇರಿದರು. 1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಹುರುಪಿನಲ್ಲಿ ಹೊಸ ವಿಶ್ವವಿದ್ಯಾನಿಲಯಗಳು ಹುಟ್ಟಿಕೊಂಡವು. ಇಫೆ ವಿಶ್ವವಿದ್ಯಾನಿಲಯವು ಅವುಗಳಲ್ಲೊಂದು. ಅಕುರೆ ಪಟ್ಟಣದ ಬಾಲಿಕಾ ಪ್ರೌಢಶಾಲೆಯಲ್ಲಿ ಓದಿದ ಅಡೆನಿಕೆ ಮುಂದೆ ಇಫೆಯನ್ನು ಸೇರಿ, ಗಣಕಶಾಸ್ತ್ರದಲ್ಲಿ ಪದವಿ ಪಡೆದರು.

ಆ ಕಾಲದ ಗಣಕಯಂತ್ರ ಇಂದಿನಂತೆ ಅಂಗೈಯಲ್ಲಿ ಹಿಡಿಯುವ ವಸ್ತುವಾಗಿರಲಿಲ್ಲ. ಅದಕ್ಕೆ ಒಂದು ದೊಡ್ಡ ಕೋಣೆಯೇ ಬೇಕಾಗಿತ್ತು. ವಿದ್ಯಾರ್ಥಿಯು ತನ್ನ ಲೆಕ್ಕದ ಕ್ರಮವನ್ನು ರಟ್ಟಿನ ಕಾರ್ಡುಗಳಲ್ಲಿ ರಂಧ್ರಗಳ ರೂಪದಲ್ಲಿ ಕೊರೆದು, ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಒಪ್ಪಿಸಿ, ಸರದಿಗಾಗಿ ಕಾಯಬೇಕಾಗಿತ್ತು. ಒಂದು ರಂಧ್ರ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ನೈಜೀರಿಯಕ್ಕೆ ಇಂತಹ ಯಂತ್ರಗಳು ಬಂದದ್ದು 1960ರ ದಶಕದಲ್ಲಿ. ಜನಗಣತಿಯ ಅಂಕಿ ಅಂಶಗಳನ್ನು ಲೆಕ್ಕಹಾಕುವುದು ಅವುಗಳ ಮೊದಲ ಕೆಲಸಗಳಲ್ಲೊಂದಾಗಿತ್ತು. ಯಂತ್ರಗಳೆಲ್ಲ ಹೊರದೇಶದವು. ಹಣವಿದ್ದರೆ ಯಂತ್ರವನ್ನು ಕೊಂಡು ತರಬಹುದು. ಅದನ್ನು ಚೆನ್ನಾಗಿ ಅರಿತು ಮುಂದಿನ ಪೀಳಿಗೆಗೆ ಕಲಿಸಬಲ್ಲ ಗುರುವನ್ನು ನಾಡೇ ಬೆಳೆಸಿಕೊಳ್ಳಬೇಕು.

ಹೆಚ್ಚಿನ ವ್ಯಾಸಂಗಕ್ಕಾಗಿ ಅಡೆನಿಕೆ ಅಮೆರಿಕಕ್ಕೆ ತೆರಳಿದರು. ಅಟ್ಲಾಂಟಾ ನಗರದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯಲ್ಲಿ 1979ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಗಣಕಶಾಸ್ತ್ರ ಬಲ್ಲವರಿಗೆ ಆ ದೇಶದಲ್ಲಿ ಕೆಲಸಕ್ಕೂ ಸಂಬಳಕ್ಕೂ ಕೊರತೆಯಿರಲಿಲ್ಲ. ಆದರೂ ಆಕೆ ತಾಯ್ನಾಡಿಗೆ ಹಿಂದಿರುಗಿ, ಇಬಾದಾನಿನ ಪಾಲಿಟೆಕ್ನಿಕ್‌ನಲ್ಲಿ ಅಧ್ಯಾಪಕಿಯಾದರು. ಮುಂದೆ ಕಷ್ಟದ ದಿನಗಳು ಬಂದವು. 1980ರ ದಶಕದಲ್ಲಿ ತೈಲದ ಬೆಲೆ ಕುಸಿದು, ತೈಲವನ್ನೇ ನೆಚ್ಚಿದ್ದ ನೈಜೀರಿಯದ ಬೊಕ್ಕಸ ಬರಿದಾಯಿತು. ನಾಣ್ಯದ ಮೌಲ್ಯ ಇಳಿಯಿತು. ಗ್ರಂಥಾಲಯಗಳಿಗೆ ಹೊಸ ಪುಸ್ತಕಗಳು ಬರುವುದು ಅಪರೂಪವಾಯಿತು. ಅನೇಕ ವಿದ್ವಾಂಸರು ಹೊರದೇಶಗಳ ದಾರಿ ಹಿಡಿದರು. ಅಡೆನಿಕೆ ತಮ್ಮ ತರಗತಿಯನ್ನು ಬಿಟ್ಟು ಹೋಗಲಿಲ್ಲ.

ಪಾಠ ಹೇಳುತ್ತಲೇ ಆಕೆ ಸಂಶೋಧನೆಗೆ ತೊಡಗಿದರು. ಅನೇಕರು ಏಕಕಾಲದಲ್ಲಿ ಬಳಸುವ ಗಣಕಯಂತ್ರಗಳ ಸಂಪರ್ಕಜಾಲ ಆ ಸಂಶೋಧನೆಯ ವಿಷಯ. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಊರಿಗೆಲ್ಲ ಒಂದೇ ಬಾವಿಯಿದ್ದು, ಎಲ್ಲರೂ ಒಮ್ಮೆಗೇ ಕೊಡ ಇಳಿಸಿದರೆ ಕೊಡಕ್ಕೆ ಕೊಡ ತಾಕಿ ಯಾರಿಗೂ ನೀರು ದೊರೆಯುವುದಿಲ್ಲ. ಸರದಿ ತೀರ ದೀರ್ಘವಾದರೆ ಕೊನೆಯವರು ಬಾಯಾರಿ ಬಳಲುತ್ತಾರೆ. ಹಾಗೆಯೇ ಒಂದೇ ಸಂಪರ್ಕಮಾರ್ಗದಲ್ಲಿ ಹಲವರ ಸಂದೇಶಗಳು ಒಟ್ಟಿಗೆ ಹೊರಟರೆ ಅವು ಒಂದನ್ನೊಂದು ಕೆಡಿಸುತ್ತವೆ. ಸಂದೇಶಗಳು ಘರ್ಷಿಸದಂತೆ, ಕಾಯುವ ಕಾಲವೂ ಮಿತಿಮೀರದಂತೆ ಕೆಲಸವನ್ನು ಹಂಚುವುದು ಹೇಗೆಂಬುದೇ ಇಂತಹ ಜಾಲಗಳ ಮುಖ್ಯ ಸಮಸ್ಯೆ. ತಾವು ಮೊದಲು ಓದಿದ ಇಫೆ ವಿಶ್ವವಿದ್ಯಾನಿಲಯದಿಂದಲೇ 1989ರಲ್ಲಿ ಅಡೆನಿಕೆ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಅವೊಲೊವೊ ಅವರ ಹೆಸರನ್ನು ಇಡಲಾಗಿತ್ತು. ಗಣಕಶಾಸ್ತ್ರದಲ್ಲಿ ಈ ಪದವಿ ಪಡೆದ ಮೊದಲ ನೈಜೀರಿಯನ್ ಮಹಿಳೆ ಆಕೆ.

ವಿದ್ವತ್ತಿನೊಡನೆ ಹೊಣೆಗಾರಿಕೆಯೂ ಬೆಳೆಯಿತು. ಪಾಲಿಟೆಕ್ನಿಕ್‌ನಲ್ಲಿ ವಿಜ್ಞಾನ ವಿಭಾಗದ ಡೀನ್ ಆಗಿ ದುಡಿದರು. ಆಡಳಿತಶಾಸ್ತ್ರದಲ್ಲಿಯೂ ಸ್ನಾತಕೋತ್ತರ ಪದವಿ ಗಳಿಸಿದರು. ಬಳಿಕ ಇಬಾದಾನ್ ವಿಶ್ವವಿದ್ಯಾನಿಲಯವನ್ನು ಸೇರಿ, ಗಣಕಶಾಸ್ತ್ರದಲ್ಲಿ ನೈಜೀರಿಯದ ಮೊದಲ ಮಹಿಳಾ ಪ್ರಾಧ್ಯಾಪಕರೆನಿಸಿದರು. ತಾವು ಹುಟ್ಟಿದಾಗ ದೇಶದ ಏಕೈಕ ವಿಶ್ವವಿದ್ಯಾ ಕಾಲೇಜಾಗಿದ್ದ ಸ್ಥಳದಲ್ಲಿಯೇ ಆಚಾರ್ಯಪೀಠವನ್ನು ಅಲಂಕರಿಸಿದ ಭಾಗ್ಯ ಅಡೆನಿಕೆಯವರದು. ರಾಶಿ ರಾಶಿ ಮಾಹಿತಿಯಿಂದ, ಮಣ್ಣಿನಿಂದ ಅದಿರನ್ನು ಬೇರ್ಪಡಿಸುವಂತೆ, ಉಪಯುಕ್ತ ತಿಳಿವನ್ನು ಹೊರತೆಗೆಯುವ ದತ್ತಾಂಶ ಗಣಿಗಾರಿಕೆಯಲ್ಲಿ ಆಕೆ ಪರಿಣತರಾದರು. ನೈಜೀರಿಯದಲ್ಲಿ ಗಣಕವೃತ್ತಿಯವರ ನೋಂದಣಿಯನ್ನೂ ವೃತ್ತಿಯ ಮಟ್ಟವನ್ನೂ ನೋಡಿಕೊಳ್ಳುವ ರಾಷ್ಟ್ರೀಯ ಮಂಡಲಿಗೆ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಅವರ ಪತಿ ಫೆಮಿ ಒಸೊಫಿಸಾನ್ ನೈಜೀರಿಯದ ಹೆಸರಾಂತ ನಾಟಕಕಾರರು. ಹೀಗೆ ಒಂದೇ ಮನೆಯಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳು ಜೊತೆಯಾಗಿ ಬಾಳಿದವು.

ಮೊದಲಿಗರಾಗುವುದು ಹಿರಿಮೆಯೇ ಸರಿ. ಆದರೆ ತಮ್ಮ ಹಿಂದೆ ಬರುವವರಿಗೆ ದಾರಿ ಮಾಡಿಕೊಡದ ಮೊದಲಿಗರನ್ನು ಲೋಕ ಬೇಗ ಮರೆಯುತ್ತದೆ. ಅಡೆನಿಕೆ ತಾವು ಕಲಿತುದನ್ನು ತಮ್ಮ ನಾಡಿನ ತರಗತಿಗಳಿಗೆ ತಂದು ದಶಕಗಳ ಕಾಲ ಹಂಚಿದರು. ದೇಶವೊಂದು ವಿಜ್ಞಾನವನ್ನು ತನ್ನದಾಗಿಸಿಕೊಳ್ಳುವುದು ಇಂತಹ ಗುರುಗಳಿಂದ.

ಅಭ್ಯಾಸ

1. ಅಡೆನಿಕೆ ಹುಟ್ಟಿದಾಗ ನೈಜೀರಿಯದಲ್ಲಿ ಉನ್ನತ ಶಿಕ್ಷಣದ ಸ್ಥಿತಿ ಹೇಗಿತ್ತು?
2. ಬಾವಿಯ ಉದಾಹರಣೆಯಿಂದ ಸಂಪರ್ಕಜಾಲದ ಸಮಸ್ಯೆಯನ್ನು ವಿವರಿಸಿರಿ.
3. ‘ಹಣವಿದ್ದರೆ ಯಂತ್ರವನ್ನು ಕೊಂಡು ತರಬಹುದು’ – ಈ ಮಾತಿನ ಮುಂದಿನ ಭಾಗವನ್ನು ಬರೆದು, ಅದರ ಸ್ವಾರಸ್ಯವನ್ನು ತಿಳಿಸಿರಿ.