ಮೊದಲ ಚೀಟಿಯ ಚಾಂಪಿಯನ್: ವಾರದ ಪಾಯಿಂಟ್ಸ್ ಟೇಬಲ್ ಓದೋದು ಹೇಗೆ?

2024ರ ಜುಲೈ ಕೊನೆ. ಸಿಇಟಿ ಬರೆದು, ಸೀಟು ಹಂಚಿಕೆಗೆ ಕಾಯ್ತಾ ನಾನು ಅಳವಂಡಿಯ ಮನೆಯಲ್ಲಿದ್ದೆ. ಟಿವಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಿತ್ತು. ನಮ್ಮೂರಲ್ಲಿ ಕ್ರಿಕೆಟ್, ಕಬಡ್ಡಿ ಆಡೋರನ್ನ ದಿನಾ ನೋಡಿದ್ದೀನಿ. ಹಾಕಿ ಸ್ಟಿಕ್ ಹಿಡಿದವರನ್ನ ನಾನಂತೂ ಕಂಡಿಲ್ಲ. ಆದರೂ ನಾವು ನಾಲ್ಕು ಜನ ಸೇರಿ ಒಂದು ಫ್ಯಾಂಟಸಿ ಹಾಕಿ ಲೀಗ್ ಮಾಡಿದೆವು: ಕಾಕಾನ ಮಗ ಅಣ್ಣ, ನನ್ನ ಅಕ್ಕ, ಪಕ್ಕದ ಮನೆ ಗೆಳೆಯ ಮತ್ತು ನಾನು. ಆ್ಯಪ್ ಇಲ್ಲ, ದುಡ್ಡಿಲ್ಲ. ಹಳೇ ನೋಟ್‌ಬುಕ್ಕಿನ ಕೊನೇ ಪುಟವೇ ನಮ್ಮ ಸ್ಕೋರ್‌ಬೋರ್ಡ್. ಗೆದ್ದವರಿಗೆ ಉಳಿದವರು ಒಗ್ಗರಣಿ-ಮಿರ್ಚಿ ಕೊಡಿಸಬೇಕು, ಅಷ್ಟೇ.

ಈ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಷನ್ ಬಂದಾಗ ಆ ಪುಟ ಮತ್ತೆ ನೆನಪಾಯಿತು. ಅದನ್ನ ಹುಡುಕಿ ತೆಗೆಯೋದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಅಣ್ಣನ ವಿಷಯ, ಕೊನೆಗೆ ಹೇಳ್ತೀನಿ.

ನಮ್ಮ ನಿಯಮ

ಭಾರತ ತಂಡದ ಎಂಟು ಆಟಗಾರರನ್ನ ಆರಿಸಿ, ಒಬ್ಬೊಬ್ಬರಿಗೆ ಇಬ್ಬರಂತೆ ಹಂಚಿಕೊಳ್ಳೋದು. ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಯಾರು ಮೊದಲು ಆರಿಸಬೇಕು ಅಂತ ಚೀಟಿ ಎತ್ತಿದೆವು. ಎರಡನೇ ಸುತ್ತಿನಲ್ಲಿ ಸರದಿ ಉಲ್ಟಾ. ಒಂದು ಗೋಲಿಗೆ 10 ಪಾಯಿಂಟ್. ಎದುರಾಳಿಗೆ ಒಂದೂ ಗೋಲು ಬಿಡದಿದ್ದರೆ ಗೋಲ್‌ಕೀಪರ್ ಮತ್ತು ಡಿಫೆಂಡರ್‌ಗೆ ತಲಾ 5. ರೆಡ್ ಕಾರ್ಡ್ ಸಿಕ್ಕರೆ 10 ಕಡಿತ. ಶೂಟೌಟ್ ಲೆಕ್ಕಕ್ಕಿಲ್ಲ.

ಮೊದಲ ಚೀಟಿ ಅಣ್ಣನಿಗೆ ಬಂತು. ಅವನು ಯೋಚನೇನೇ ಮಾಡದೆ ನಾಯಕ ಹರ್ಮನ್‌ಪ್ರೀತ್ ಸಿಂಗ್‌ನನ್ನ ಎತ್ತಿಕೊಂಡ. ಕೊನೇ ಸರದಿಯಲ್ಲಿ ಅವನಿಗೆ ಮನ್‌ಪ್ರೀತ್ ಸಿಂಗ್ ಸಿಕ್ಕ. ಗೆಳೆಯನಿಗೆ ಅಭಿಷೇಕ್ ಮತ್ತು ಅಮಿತ್ ರೋಹಿದಾಸ್. ನನಗೆ ಗೋಲ್‌ಕೀಪರ್ ಶ್ರೀಜೇಶ್ ಮತ್ತು ವಿವೇಕ್ ಸಾಗರ್ ಪ್ರಸಾದ್. ಅಕ್ಕನಿಗೆ ಮನ್‌ದೀಪ್ ಸಿಂಗ್ ಮತ್ತು ಸುಖಜೀತ್ ಸಿಂಗ್.

ಎರಡು ವಾರದ ಟೇಬಲ್

ಮೊದಲ ವಾರ ಐದು ಲೀಗ್ ಪಂದ್ಯ. ನ್ಯೂಜಿಲೆಂಡ್ ವಿರುದ್ಧ 3-2, ಅರ್ಜೆಂಟೀನಾ ಜೊತೆ 1-1, ಐರ್ಲೆಂಡ್ ವಿರುದ್ಧ 2-0, ಬೆಲ್ಜಿಯಂ ಎದುರು 1-2 ಸೋಲು, ಆಮೇಲೆ ಆಸ್ಟ್ರೇಲಿಯಾ ವಿರುದ್ಧ 3-2. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನ ಸೋಲಿಸಿದ್ದು 1972ರ ನಂತರ ಅದೇ ಮೊದಲು. ಈ 10 ಗೋಲುಗಳಲ್ಲಿ ಹರ್ಮನ್‌ಪ್ರೀತ್ 6, ಅಭಿಷೇಕ್ 2, ಮನ್‌ದೀಪ್ 1, ವಿವೇಕ್ 1. ಗೋಲು ಬಿಡದ ಪಂದ್ಯ ಐರ್ಲೆಂಡ್ ವಿರುದ್ಧದ್ದು ಮಾತ್ರ.

ಮೊದಲ ವಾರ: ಅಣ್ಣ 65, ಗೆಳೆಯ 25, ನಾನು 15, ಅಕ್ಕ 10.

ಎರಡನೇ ವಾರ ಮೂರು ನಾಕೌಟ್ ಪಂದ್ಯ. ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ಜೊತೆ 1-1, ಶೂಟೌಟ್‌ನಲ್ಲಿ 4-2 ಗೆಲುವು. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2-3 ಸೋಲು. ಆಗಸ್ಟ್ 8ರಂದು ಸ್ಪೇನ್ ವಿರುದ್ಧ 2-1 ಗೆದ್ದು ಕಂಚು. 5 ಗೋಲುಗಳಲ್ಲಿ ಹರ್ಮನ್‌ಪ್ರೀತ್ 4, ಸುಖಜೀತ್ 1.

ಎರಡನೇ ವಾರ: ಅಣ್ಣ 40, ಅಕ್ಕ 10, ನಾನು 0, ಗೆಳೆಯ ಮೈನಸ್ 10.

ಒಟ್ಟು: ಅಣ್ಣ 105, ಅಕ್ಕ 20, ಗೆಳೆಯ 15, ನಾನು 15. ಮೊದಲ ವಾರ ಕೊನೇಲಿದ್ದ ಅಕ್ಕ ಎರಡನೇ ಸ್ಥಾನಕ್ಕೆ ಬಂದಳು. ಅಣ್ಣ ಮಿರ್ಚಿ ತಿನ್ನುತ್ತಾ ಹೇಳಿದ ಮಾತು ಇನ್ನೂ ನೆನಪಿದೆ: "ನನಗ ಪ್ಲೇಯರ್ ಆರಿಸಾಕ ಬರತೈತಿ ಲೇ."

ನಿಜವಾಗ್ಲೂ ಬರ್ತಿತ್ತಾ? ಟೇಬಲ್‌ಗೆ ಮೂರು ಪ್ರಶ್ನೆ ಕೇಳೋಣ.

ಒಂದು: ಟೇಬಲ್ ಏನನ್ನ ಎಣಿಸ್ತಿದೆ?

ಹರ್ಮನ್‌ಪ್ರೀತ್ ಒಟ್ಟು 10 ಗೋಲು ಹೊಡೆದು ಆ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ. ಆದರೆ ಅವನು ಡಿಫೆಂಡರ್. ಆ ಗೋಲುಗಳೆಲ್ಲ ಬಂದಿದ್ದು ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ನಿಂದ. ಒಂದು ಪೆನಾಲ್ಟಿ ಕಾರ್ನರ್ ಅಂದರೆ ಸುಮ್ಮನೆ ಅಲ್ಲ. ಫಾರ್ವರ್ಡ್ ಒಬ್ಬ ಸರ್ಕಲ್ ಒಳಗೆ ನುಗ್ಗಿ ಎದುರಾಳಿ ತಪ್ಪು ಮಾಡೋ ಹಾಗೆ ಮಾಡಬೇಕು. ಒಬ್ಬ ಗೆರೆಯಿಂದ ಚೆಂಡು ತಳ್ಳಬೇಕು, ಇನ್ನೊಬ್ಬ ಅದನ್ನ ನಿಲ್ಲಿಸಬೇಕು, ಕೊನೆಗೆ ಡ್ರ್ಯಾಗ್ ಫ್ಲಿಕ್. ನಮ್ಮ ನಿಯಮ ಕೊನೆಯವನಿಗೆ 10 ಕೊಟ್ಟು ಉಳಿದವರಿಗೆ ಸೊನ್ನೆ ಕೊಡ್ತಿತ್ತು. ಹರ್ಮನ್‌ಪ್ರೀತ್ ದೊಡ್ಡ ಆಟಗಾರ, ಅದರಲ್ಲಿ ಅನುಮಾನ ಇಲ್ಲ. ಆದರೆ ಮನ್‌ಪ್ರೀತ್ ಎಂಟು ಪಂದ್ಯ ಓಡಿದ್ದಕ್ಕೆ ಸೊನ್ನೆ ಸಿಕ್ಕಿದ್ದು ಅವನ ಆಟದ ತಪ್ಪಲ್ಲ, ನಮ್ಮ ನೋಟ್‌ಬುಕ್ಕಿನ ತಪ್ಪು.

ಬ್ರಿಟನ್ ಪಂದ್ಯ ನೋಡಿ. 17ನೇ ನಿಮಿಷಕ್ಕೆ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರ ಜೊತೆ ಆಡಿತು. ಶ್ರೀಜೇಶ್ ಒಂದಾದ ಮೇಲೊಂದು ಚೆಂಡು ತಡೆದ, ಶೂಟೌಟ್‌ನಲ್ಲೂ ನಿಂತ. ಆ ವಾರ ನನ್ನ ಖಾತೆಗೆ ಅವನಿಂದ ಬಂದ ಪಾಯಿಂಟ್: ಸೊನ್ನೆ. ಒಂದು ಪಂದ್ಯ ನಿಷೇಧವಾಗಿ ರೋಹಿದಾಸ್ ಸೆಮಿಫೈನಲ್ ಆಡಲಿಲ್ಲ. ಪೆನಾಲ್ಟಿ ಕಾರ್ನರ್ ತಡೆಯೋಕೆ ಮೊದಲು ಎದುರು ಓಡಿ ಬರುವವನು ಅವನೇ. ಆ ಓಟಕ್ಕೆ ನಾವು ಪಾಯಿಂಟೇ ಇಟ್ಟಿರಲಿಲ್ಲ.

ಎರಡು: ಎಷ್ಟು ಪಂದ್ಯದ ಲೆಕ್ಕ ಇದು?

ಎರಡನೇ ವಾರ ಗೆಳೆಯ "ಅಭಿಷೇಕ್ ಫಾರ್ಮ್ ಹೋತು" ಅಂತ ಬೈತಿದ್ದ. ಈಗ ಲೆಕ್ಕ ಮಾಡೋಣ. ಅಭಿಷೇಕ್ 8 ಪಂದ್ಯಕ್ಕೆ 2 ಗೋಲು, ಅಂದರೆ ಪಂದ್ಯಕ್ಕೆ ಸರಾಸರಿ 0.25. ಮೂರು ಪಂದ್ಯದ ವಾರಕ್ಕೆ 0.75. ಪಾಯ್ಸಾನ್ ಸೂತ್ರದಲ್ಲಿ ಲ್ಯಾಂಬ್ಡಾ ಜಾಗಕ್ಕೆ 0.75 ಹಾಕಿ, ಸೊನ್ನೆ ಗೋಲಿನ ಸಾಧ್ಯತೆ ಸುಮಾರು 0.47 ಬರುತ್ತೆ. ಅಂದರೆ ಅವನ ಆಟ ಒಂಚೂರೂ ಕೆಡದಿದ್ದರೂ ಹೆಚ್ಚುಕಮ್ಮಿ ಅರ್ಧದಷ್ಟು ವಾರ ಸೊನ್ನೆಯೇ ಬರುತ್ತೆ. ಅದು ಫಾರ್ಮ್ ಹೋಗಿದ್ದಲ್ಲ, ನಾಣ್ಯ ಚಿಮ್ಮಿದ ಹಾಗೆ.

ಹರ್ಮನ್‌ಪ್ರೀತ್‌ನ ಎಂಟು ಪಂದ್ಯ ಬರೆದುಕೊಳ್ಳಿ: 1, 1, 2, 0, 2, 1, 1, 2. ಸರಾಸರಿ 1.25, ವೇರಿಯನ್ಸ್ 0.44. ಪಾಯ್ಸಾನ್ ಆಗಿದ್ದರೆ ವೇರಿಯನ್ಸ್ ಕೂಡ 1.25ರ ಹತ್ತಿರ ಇರಬೇಕಿತ್ತು. ಅಂದರೆ ಏರಿಳಿತ ನಿರೀಕ್ಷೆಗಿಂತ ಕಡಿಮೆ. "ಎಂಥಾ ಸ್ಥಿರ ಆಟಗಾರ" ಅನ್ನೋಕೆ ಆಸೆಯಾಗುತ್ತೆ, ಆದರೆ ಎಂಟು ಪಂದ್ಯದಿಂದ ಅಷ್ಟು ಗಟ್ಟಿಯಾಗಿ ಹೇಳಬಾರದು. ಎದುರಾಳಿಗಳೂ ಒಂದೇ ತೂಕದವರಲ್ಲ: ಐರ್ಲೆಂಡ್ ಬೇರೆ, ಜರ್ಮನಿ ಬೇರೆ. ಮಾಡೆಲ್ ಉಪಯೋಗಿಸುವಾಗ ಅದರ ಮಿತಿಯನ್ನೂ ಪಕ್ಕದಲ್ಲೇ ಬರೆಯಬೇಕು. ಲ್ಯಾಬ್ ರೆಕಾರ್ಡ್‌ಗೂ ಇದೇ ನಿಯಮ ಅಲ್ವಾ?

ಮೂರು: ಇದು ಯಾರ ಕೈಚಳಕ?

ಅಣ್ಣನ 105 ಪಾಯಿಂಟೂ ಹರ್ಮನ್‌ಪ್ರೀತ್ ಒಬ್ಬನದೇ. ಮೊದಲ ಚೀಟಿ ಯಾರಿಗೆ ಬಂದಿದ್ದರೂ ಅವನನ್ನೇ ಎತ್ತುತ್ತಿದ್ದರು. ಆ ಚೀಟಿ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಅಣ್ಣ ತಲೆ ಓಡಿಸಿ ಮಾಡಬೇಕಿದ್ದ ಆಯ್ಕೆ ಎರಡನೆಯದು, ಅದಕ್ಕೆ ಸಿಕ್ಕಿದ್ದು ಸೊನ್ನೆ. ಕೌಶಲ ಇದೆಯಾ ಅಂತ ತಿಳೀಬೇಕಾದರೆ ಬಹಳ ಸಲ ಚೀಟಿ ಎತ್ತಿ, ಬಹಳ ವಾರ ಆಡಿ, ಕಣ್ಣು ಮುಚ್ಚಿ ಆರಿಸಿದವನಿಗಿಂತ ಮುಂದೆ ಬರ್ತಾನಾ ನೋಡಬೇಕು. ಎರಡು ವಾರ ಸಾಲದು.

ಕೊನೆಗೆ, ಅಣ್ಣನ ವಿಷಯ

ಅಣ್ಣನಿಗೆ ಈ ಲೆಕ್ಕ ಯಾರೂ ಹೇಳಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ. 2025ರ ಐಪಿಎಲ್ ಹೊತ್ತಿಗೆ ಅವನು ದುಡ್ಡು ಕಟ್ಟುವ ಫ್ಯಾಂಟಸಿ ಕ್ರಿಕೆಟ್ ಶುರು ಮಾಡಿದ್ದ. ಮೊದಲ ವಾರ 600 ರೂಪಾಯಿ ಗೆದ್ದ. ಸೀಸನ್ ಮುಗಿಯೋದರೊಳಗೆ ಹಾಸ್ಟೆಲ್ ಫೀಸಿನ 8,000 ರೂಪಾಯಿ ಹೋಗಿತ್ತು. ಕಾಕಾ ಕಡಲೆ ಮಾರಿ ಕೊಟ್ಟ ದುಡ್ಡು ಅದು. ಅವನೇ "ಬರಿಯಲೇ, ಯಾರಿಗಾರ ಉಪಯೋಗ ಆಗಲಿ" ಅಂದಿದ್ದಕ್ಕೆ ಬರೀತಿದ್ದೀನಿ.

ಇಲ್ಲಿ ಇನ್ನೊಂದು ಲೆಕ್ಕ. ಹತ್ತು ಜನ ತಲಾ 50 ರೂಪಾಯಿ ಹಾಕಿದರೆ ಒಟ್ಟು 500. ನಡೆಸುವವರು 75 ಇಟ್ಟುಕೊಂಡು 425 ಹಂಚಿದರು ಅಂತಿಟ್ಟುಕೊಳ್ಳಿ. ಯಾರು ಗೆದ್ದರೂ ಒಬ್ಬೊಬ್ಬರ ಸರಾಸರಿ ನಷ್ಟ 7.50 ರೂಪಾಯಿ. ಮಾಮೂಲಿ ಆಟಗಾರನಿಗಿಂತ ಸ್ವಲ್ಪ ಜಾಣನಾದರೆ ಸಾಲದು, ಆ ಕಮಿಷನ್ ದಾಟುವಷ್ಟು ಜಾಣನಾಗಿರಬೇಕು.

ಕೌಶಲವೋ ಅದೃಷ್ಟವೋ ಅನ್ನೋ ಇದೇ ಪ್ರಶ್ನೆ ಕೋರ್ಟಿಗೂ ಹೋಗಿತ್ತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಇಂಥ ಆಟಗಳನ್ನ ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಕೌಶಲದ ಆಟವಾದರೂ ಅದೃಷ್ಟದ ಆಟವಾದರೂ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ನಿಷೇಧ.

ಕಾನೂನು ಆ್ಯಪ್ ನಿಲ್ಲಿಸಬಹುದು. "ನನಗ ಬರತೈತಿ" ಅನ್ನೋ ಭ್ರಮೆಯನ್ನ ನಾವೇ ಲೆಕ್ಕ ಹಾಕಿ ನಿಲ್ಲಿಸಬೇಕು. ನಿಮ್ಮ ಹಾಸ್ಟೆಲ್‌ನಲ್ಲೂ ದುಡ್ಡಿಲ್ಲದೆ ಒಂದು ಲೀಗ್ ಮಾಡಿ ನೋಡಿ. ಎಂಟು ವಾರದ ಟೇಬಲ್ ಇಡಿ, ಪ್ರತಿ ವಾರ ಹೊಸ ಚೀಟಿ ಎತ್ತಿ. ಒಂದು ತಂಡವನ್ನ ಬರೀ ಚೀಟಿಯಿಂದಲೇ ಆರಿಸಿ, ಅದು ಎಷ್ಟು ಜನರನ್ನ ಹಿಂದೆ ಹಾಕುತ್ತೆ ಲೆಕ್ಕ ಇಡಿ.

ನಮ್ಮ ಮನೇಲಿ ಮುಂದಿನ ಲೀಗ್‌ಗೆ ನಿಯಮ ಬದಲಾಗಿದೆ. ಗೋಲ್‌ಕೀಪರ್ ತಡೆದ ಪ್ರತಿ ಚೆಂಡಿಗೆ 2 ಪಾಯಿಂಟ್. ಈ ಸಲ ಟೇಬಲ್ ಬರೆಯೋದು ಅಣ್ಣನೇ.